ಪಂಡಿತ ಮಾಷ್ಟ್ರ ಕಿಟೆಲ್

ಹಳೆ ಪುಸ್ತಕ ಮಾರುವವರ ಲೆಕ್ಕದಲ್ಲಿ ಪಂಡಿತ ಮಾಷ್ಟ್ರ ಕಿಟೆಲ್ ಕೋಶ ಅಂಥಾ ಬೆಲೆಬಾಳುವ ಮಾಲೇನಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಹೊರತಂದ ಮೊದಲ ಮುದ್ರಣವೇ ಹೌದು, ಪದಕೋಶದ ಪುಟ ಒಂದೂ ಹೋಗಿಲ್ಲ. ಆದರೆ ಮೂಲದ ರಟ್ಟು ಇಲ್ಲ. ಮೂರೂ ಕಡೆ ಅಂಚು ಕತ್ತರಿಸಿದ್ದಾರೆ. ಒಳಗೆ ಪೆನ್ಸಿಲು, ಶಾಯಿ, ಬಾಲ್‌ಪೆನ್ನು ಎಲ್ಲದರ ಗೀಚು. ಬೆಂಗಳೂರಿನ ವ್ಯಾಪಾರಿಯೊಬ್ಬರು ಕನ್ನಡಕವನ್ನು ಹಣೆಗೇರಿಸಿ ಹತ್ತಿಪ್ಪತ್ತು ಪುಟ ತಿರುವಿ ಒಂದೇ ಪ್ರಶ್ನೆ ಕೇಳಿದರು: "ಯಾರು ಸ್ವಾಮಿ ಇವರು? ಹೆಸರಿದ್ದೋರಾ?"

ಹೆಸರಿದ್ದವರಾದರೆ ಗೀಚಿಗೂ ದುಡ್ಡು ಹುಟ್ಟುತ್ತದೆ, ಇಲ್ಲವಾದರೆ ಅದೇ ಗೀಚಿಗೆ ದುಡ್ಡು ಕಳೆಯುತ್ತಾರೆ. ವ್ಯಾಪಾರ ಅಂದ ಮೇಲೆ ಅದು ಹಾಗೆಯೇ, ಅವರನ್ನು ದೂರಿ ಫಲವಿಲ್ಲ. ಹೆಸರಿಲ್ಲದ ಆ ಮನುಷ್ಯನನ್ನು ಹತ್ತಿರದಿಂದ ಕಂಡವರು ಇನ್ನು ಕೆಲವೇ ಮಂದಿ ಉಳಿದಿದ್ದೇವೆ ಎಂಬುದಷ್ಟೇ ನಾನಿದನ್ನು ಬರೆಯಲು ಕಾರಣ.

ನಮ್ಮದು ಕುಂಬಳೆ ಸೀಮೆ. ಪಾರ್ತಿಸುಬ್ಬನ ಊರು ಎಂದರೆ ಯಕ್ಷಗಾನದವರಿಗೆ ತಿಳಿಯುತ್ತದೆ, ಕೇರಳದ ಕಾಸರಗೋಡಿನ ಹತ್ತಿರ ಎಂದರೆ ಉಳಿದವರಿಗೆ. ಪಂಡಿತ ಮಾಷ್ಟ್ರು ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದರು. ಮದ್ರಾಸು ವಿಶ್ವವಿದ್ಯಾಲಯದ ವಿದ್ವಾನ್ ಪರೀಕ್ಷೆ ಕಟ್ಟಿ ಪಾಸಾದವರು. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಜಿಲ್ಲೆ ಮದ್ರಾಸು ಪ್ರಾಂತದ್ದು. ಪರೀಕ್ಷೆಗೆ ಓದುತ್ತಿದ್ದ ಕಾಲದಲ್ಲಿ ಮಂಗಳೂರಿನ ವಕೀಲರ ಮನೆಯೊಂದರಿಂದ ಈ ಕೋಶವನ್ನು ಕ್ರಯಕ್ಕೆ ತಂದರಂತೆ, ಅದೂ ಕಂತಿನಲ್ಲಿ. ಅವರ ಹೆಂಡತಿ, ನಮಗೆಲ್ಲ ದೊಡ್ಡಮ್ಮ, ಈ ವಿಷಯ ಬಂದಾಗಲೆಲ್ಲ ಹೇಳುತ್ತಿದ್ದ ಮಾತು: "ಆ ದುಡ್ಡಿಗೆ ಕರೆಯುವ ದನ ಒಂದು ಬರ್ತಿತ್ತು." ಅದು ಅತಿಶಯೋಕ್ತಿಯಾಗಿರಲಾರದು. ಪಂಡಿತರ ಸಂಬಳ ಹೆಡ್‌ಮಾಷ್ಟ್ರ ಸಂಬಳದ ಹತ್ತಿರವೂ ಸುಳಿಯದ ಕಾಲ ಅದು.

ಕೋಶ ಇರುತ್ತಿದ್ದದ್ದು ಚಾವಡಿಯಲ್ಲಿ, ಹಲಸಿನ ಮರದ ಪೆಟ್ಟಿಗೆಯೊಳಗೆ. ಜೊತೆಗೆ ಬಜೆಯ ತುಂಡುಗಳು, ಹುಳ ಬಾರದಿರಲಿ ಎಂದು. ನಮ್ಮ ಕಡೆ ಪುಸ್ತಕಕ್ಕೆ ಮೊದಲ ವೈರಿ ಮಳೆಗಾಲ, ಎರಡನೆಯದು ಒರಲೆ. ಆಟಿ ತಿಂಗಳಲ್ಲಿ ರಟ್ಟಿನ ಮೇಲೆ ಬೂಸಲು ಬರುತ್ತಿತ್ತು. ಮಳೆ ಹಿಂದಾದ ಮೇಲೆ ಅಂಗಳದಲ್ಲಿ ಚಾಪೆ ಹಾಸಿ ಅಡಿಕೆಗಿಂತ ಮೊದಲು ಪುಸ್ತಕ ಒಣಗಿಸುತ್ತಿದ್ದ ಮನೆ ಊರಲ್ಲಿ ಅದೊಂದೇ. ಕೋಶ ನೋಡಬೇಕಾದರೆ ಜಗಲಿಯ ಕೆಳಗೆ ಕೈ ತೊಳೆದು, ಒರೆಸಿ, ಮಾಷ್ಟ್ರಿಗೆ ಅಂಗೈ ತೋರಿಸಬೇಕು. "ಅಡಿಕೆ ಸುಲಿದ ಕೈ ಉಂಟಲ್ಲ ಮಾಣಿ, ಇನ್ನೊಮ್ಮೆ ತೊಳೆ." ಹಸಿ ಸಿಪ್ಪೆಯ ಕಲೆ ಎಷ್ಟು ತೊಳೆದರೂ ಹೋಗುವಂಥದ್ದಲ್ಲ. ಕೊನೆಗೆ ಪುಟ ತಿರುವುವ ಕೆಲಸ ಅವರದ್ದೇ, ನಮ್ಮದು ದೂರದಿಂದ ಓದುವುದು. ಪುಸ್ತಕವನ್ನು ಎರವಲು ಕೊಟ್ಟದ್ದು ಯಾರಿಗೂ ನೆನಪಿಲ್ಲ. ಶಾಲೆಯಲ್ಲಿ ಕಾಗುಣಿತ ತಪ್ಪಿದರೆ ಬೆತ್ತ ತಪ್ಪುತ್ತಿರಲಿಲ್ಲ. ಶಿಷ್ಯವಾತ್ಸಲ್ಯದ ಮೂರ್ತಿ ಎಂದೆಲ್ಲ ಅವರನ್ನು ಹೊಗಳುವುದಕ್ಕೆ ನನ್ನಿಂದಾಗದು.

ಕಿಟೆಲ್ ಯಾರು ಎಂದು ಕನ್ನಡ ಓದುಗರಿಗೆ ವಿವರಿಸುವ ಅಗತ್ಯವಿಲ್ಲ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯೇ ಇದೆ. ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಎಂಬಲ್ಲಿ 1832ರಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಈ ಕಡೆ ಬಂದು, ಧಾರವಾಡ, ಮಂಗಳೂರು, ಮಡಿಕೇರಿ ಎಂದು ಓಡಾಡಿದವರು. 1872ರಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಅವರಿಗಿಂತ ಮೊದಲು ರೀವ್ ಮಾಡಿದ ಕೋಶ ಇತ್ತು, ಅದನ್ನು ಸ್ಯಾಂಡರ್ಸನ್ 1858ರಲ್ಲಿ ಪರಿಷ್ಕರಿಸಿದ್ದೂ ಇತ್ತು. ಕಿಟೆಲರದ್ದು ಅವೆರಡನ್ನೂ ಮೀರಿಸಿತು: 1,700ಕ್ಕೂ ಮಿಕ್ಕಿದ ಪುಟ, ಸುಮಾರು 70,000 ಪದ. ಪದದ ಎದುರಿಗೆ ಅದು ಬಂದ ಕಡೆಯನ್ನು ತೋರಿಸುವ ಪುಟ್ಟ ಪುಟ್ಟ ಸಂಕ್ಷೇಪಗಳು. ಮೈಸೂರು ಸೀಮೆಯ ಬಳಕೆಗೆ ಒಂದು ಗುರುತು, ಧಾರವಾಡದ ಕಡೆಯದಕ್ಕೆ ಒಂದು, ಶಬ್ದಮಣಿದರ್ಪಣಕ್ಕೆ ಇನ್ನೊಂದು, ಗಾದೆಗೆ ಬೇರೊಂದು. ತಮಿಳು, ತೆಲುಗು, ಮಲಯಾಳ, ತುಳುವಿನ ಸೋದರ ಪದಗಳಿಗೂ ಒಂದೊಂದು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅದೇ ಊರಲ್ಲಿ ತೀರಿಕೊಂಡರು.

ದೊಡ್ಡ ಕೋಶ ಕೊಳ್ಳುವ ಶಕ್ತಿ ಎಷ್ಟು ಮನೆಗಿದ್ದೀತು? ಅದಕ್ಕೇ ಬುಖರ್ ಎಂಬ ಇನ್ನೊಬ್ಬ ಪಾದ್ರಿ ಕಿಟೆಲರ ಕೆಲಸವನ್ನೇ ಆಧರಿಸಿ 1899ರಲ್ಲಿ ಶಾಲಾ ಕೋಶವೊಂದನ್ನು ತಂದರು. ನಮ್ಮ ಸೀಮೆಯ ಮೇಷ್ಟ್ರುಗಳ ಬಳಿ ಇದ್ದದ್ದು ಬಹುತೇಕ ಅದೇ. ಹೀಗಾಗಿ ಪಂಡಿತ ಮಾಷ್ಟ್ರ ಮನೆಯ ಕಿಟೆಲ್ ಅಂದರೆ ಸುತ್ತಲಿನ ನಾಲ್ಕು ಊರಿಗೆ ಕೋರ್ಟು ಇದ್ದಂತೆ. ವೇಷವಿಲ್ಲದೆ ಮಾತಲ್ಲೇ ನಡೆಯುವ ತಾಳಮದ್ದಳೆಯಲ್ಲಿ ಒಂದು ಶಬ್ದದ ಮೇಲೆ ಜಗಳ ಹತ್ತಿದರೆ ಮರುದಿನ ಬೆಳಿಗ್ಗೆ ಇಬ್ಬರೂ ಅರ್ಥಧಾರಿಗಳು ಆ ಜಗಲಿಯಲ್ಲಿ.

ಮಾಷ್ಟ್ರು ಸ್ವತಃ ಅರ್ಥಧಾರಿ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಹುಟ್ಟಿದ ಸೀಮೆಯಲ್ಲಿ ಇವರನ್ನು ದೊಡ್ಡ ಹೆಸರು ಎನ್ನುವಂತಿಲ್ಲ. ಊರ ಸಂಘದ ಕೂಟಗಳಲ್ಲಿ ಕೌರವ, ವಾಲಿ, ಒಮ್ಮೊಮ್ಮೆ ಭೀಷ್ಮ. ಸ್ವರ ಒರಟು, ಭಾವ ಕಡಿಮೆ, ಆದರೆ ಶಬ್ದ ಹಿಡಿದು ಎದುರಾಳಿಯನ್ನು ಕಟ್ಟಿಹಾಕುವುದರಲ್ಲಿ ನಿಸ್ಸೀಮರು. ಆ ಶಬ್ದಗಳ ತಯಾರಿ ನಡೆಯುತ್ತಿದ್ದದ್ದು ಈ ಕೋಶದ ಅಂಚುಗಳಲ್ಲಿ. "ಕೃ.ಸಂ., ಕೌ." ಎಂದಿದ್ದರೆ ಕೃಷ್ಣಸಂಧಾನದಲ್ಲಿ ಕೌರವನಾಗಿ ತಾನು ಆ ಪದ ಬಳಸಿದೆ ಎಂದರ್ಥ. "ವಾ.ಮೋ." ಅಂದರೆ ವಾಲಿಮೋಕ್ಷ. ಕಿಟೆಲರು ಬಳಸಿದ ಸಂಕ್ಷೇಪದ ಕ್ರಮವನ್ನೇ ಇವರೂ ಹಿಡಿದಿದ್ದರು. ಅಚ್ಚಾದ ಕೋಶದ ಪಕ್ಕದಲ್ಲಿ ಕುಂಬಳೆ ಸೀಮೆಯ ಇನ್ನೊಂದು ಕೋಶ ಕೈಬರಹದಲ್ಲಿ ಬೆಳೆಯುತ್ತಿತ್ತು. ಅದು ಚಾವಡಿಯಲ್ಲಿ ದೂರದಿಂದ ಓದುತ್ತಿದ್ದ ನಮಗೆ ಕಾಣಲಿಲ್ಲ. ಪುಸ್ತಕ ನನ್ನ ಕೈಗೆ ಬಂದ ಮೇಲೆಯೇ ಗೊತ್ತಾದದ್ದು.

ಅಂಚಿನ ಬರಹದಲ್ಲಿ ತಾಳಮದ್ದಳೆಗಿಂತ ಹೆಚ್ಚಾಗಿ ಇರುವುದು ತೋಟ, ಗದ್ದೆ, ಅಡಿಗೆಮನೆ. ಕರಿಗೋಟು ಎಂದು ಬರೆದು, ಕೆಳಗೆ "ಪುತ್ತೂರು, ಅಡಿಕೆ ಅಂಗಡಿ" ಎಂದಿದೆ. ಒಳಗೆ ಕೆಟ್ಟು ಕಪ್ಪಾದ ಅಡಿಕೆಗೆ ಇಂದಿಗೂ ನಮ್ಮ ಮಾರುಕಟ್ಟೆಯಲ್ಲಿ ಅದೇ ಹೆಸರು. ಪಟೋರ, ಉಳ್ಳಿ, ಕೋಕ ಎಂಬ ಅಡಿಕೆಯ ಬಗೆಗಳೆಲ್ಲವೂ ತಮ್ಮ ತಮ್ಮ ಅಕ್ಷರದ ಪುಟದಲ್ಲಿ ಕೂತಿವೆ. ದೊಡ್ಡಮ್ಮನಿಂದ ಕೇಳಿದ್ದಕ್ಕೆ "ಮ." ಎಂಬ ಗುರುತು. ಮನೆಯವಳು ಎಂದಿರಬೇಕು. ಹಲಸಿನ ಕಾಯಿಯ ಒಂದೊಂದು ಭಾಗದ ಹೆಸರಿಗೂ "ಮ." ಸಾಕ್ಷಿ. ದನ ಬರುತ್ತಿತ್ತು ಎಂದು ಕೊನೆಯವರೆಗೆ ಗೊಣಗಿದಾಕೆಗೆ ತನ್ನ ಮಾತೂ ಅದೇ ಪುಸ್ತಕದೊಳಗೆ ಸೇರಿದೆ ಎಂದು ಗೊತ್ತಿತ್ತೋ ಇಲ್ಲವೋ.

ಎಲ್ಲಕ್ಕಿಂತ ಹೆಚ್ಚು ಕಣ್ಣಿಗೆ ಬೀಳುವ ಗುರುತು "ಬಾ." ನೇಜಿಯ ಪಕ್ಕದಲ್ಲಿ "ಬಾ.", ಏಣಿಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳ ಪಕ್ಕದಲ್ಲಿ "ಬಾ.", ಒಂದೊಂದು ಬೆಳೆಗೆ ಯಾವ ಕೆಲಸ ಮೊದಲು ಎಂಬ ಒಕ್ಕಣೆಯ ಕೊನೆಗೂ "ಬಾ." ನೀರಿನ ಹರಿವಿಗೆ, ಮಣ್ಣಿನ ಬಗೆಗೆ, ಸೊಪ್ಪಿಗೆ, ಜ್ವರಕ್ಕೆ ಅರೆದು ಕುಡಿಯುವ ಬೇರಿಗೆ, ಎಲ್ಲಕ್ಕೂ ಅದೇ. ಊರಲ್ಲಿ ಅರವತ್ತು ದಾಟಿದ ಯಾರನ್ನು ಕೇಳಿದರೂ ಈ "ಬಾ." ಯಾರೆಂದು ಹೇಳುತ್ತಾರೆ: ಮಾಷ್ಟ್ರ ಗದ್ದೆಯಲ್ಲಿ ನೇಜಿ ನೆಡುತ್ತಿದ್ದ ಒಕ್ಕಲು ಹೆಂಗಸು. ತೋಟದ ತುದಿಯ ಗುಡಿಸಲಲ್ಲಿ ಮನೆಮಂದಿಯೊಂದಿಗೆ ಇದ್ದವಳು. ಓದು ಬರಹ ಇಲ್ಲ. ಮಾಷ್ಟ್ರು ಜಗಲಿಯಲ್ಲಿ ಕೂತು ಕೇಳುವುದು, ಅವಳು ಅಂಗಳದಾಚೆ ನಿಂತು ತುಳುವಿನಲ್ಲಿ ಹೇಳುವುದು, ಇವರು ಕನ್ನಡಕ್ಕೆ ಹೊಂದಿಸಿ ಬರೆದುಕೊಳ್ಳುವುದು. ಇದನ್ನು ನಾನೇ ನೋಡಿದ್ದೇನೆ. ಮಾತಿಗೆ ಚಾವಡಿಯ ಪೆಟ್ಟಿಗೆಯವರೆಗೆ ಪ್ರವೇಶವಿತ್ತು, ಹೇಳಿದವಳಿಗೆ ಮೆಟ್ಟಿಲಿನವರೆಗೂ ಇರಲಿಲ್ಲ. ಆ ಕಾಲಕ್ಕೆ ಇದರಲ್ಲಿ ಯಾರಿಗೂ ವಿಚಿತ್ರ ಕಾಣಲಿಲ್ಲ. ನಮಗೂ ಕಾಣಲಿಲ್ಲ.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಹೋಯಿತು, ಕಾಸರಗೋಡು ತಾಲೂಕು ಕೇರಳಕ್ಕೆ. ಮನೆ, ಶಾಲೆ, ಕೋಶ ಎಲ್ಲ ಇದ್ದಲ್ಲೇ ಇದ್ದವು, ಸಂಬಳ ಬರುವ ದಿಕ್ಕು ಮಾತ್ರ ಬದಲಾಯಿತು. ಮಾಷ್ಟ್ರಿಗೆ ಮಲಯಾಳ ಆಡಲು ಬರುತ್ತಿತ್ತು, ಓದುವುದು ಕಷ್ಟ. ಕಚೇರಿಯಿಂದ ಬರುವ ಸುತ್ತೋಲೆಗಳ ಮಲಯಾಳ ಪದಗಳನ್ನು ಹತ್ತಿರದ ಕನ್ನಡ ಪದದ ಪಕ್ಕ ಬರೆದಿಟ್ಟುಕೊಂಡಿದ್ದಾರೆ, ಒಂದೊಂದಕ್ಕೂ ಸಣ್ಣಗೆ "ಸರ್ಕಾರ" ಎಂಬ ಷರಾ ಬೇರೆ. ಕಯ್ಯಾರ ಕಿಞ್ಞಣ್ಣ ರೈಗಳಂತೆ, ಕಾಸರಗೋಡನ್ನು ಮೈಸೂರಿಗೆ ಸೇರಿಸಬೇಕೆಂಬ ವಿಲೀನೀಕರಣ ಚಳವಳಿಗೆ ಇಳಿದವರಲ್ಲ ಇವರು. ಪೆನ್ಶನ್ ಹೋದೀತೆಂಬ ಹೆದರಿಕೆ ಇತ್ತು, ಅದನ್ನು ಬಾಯಿಬಿಟ್ಟು ಹೇಳುತ್ತಲೂ ಇದ್ದರು. ಆದರೆ ರಾಜ್ಯಗಳ ಗಡಿ ತಗಾದೆ ನೋಡಿದ ಮಹಾಜನ ಆಯೋಗದ ವರದಿ 1967ರಲ್ಲಿ ಬಂದು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಶಿಫಾರಸು ಮಾಡಿದಾಗ ಆ ಸುದ್ದಿಯ ಪತ್ರಿಕೆ ತುಂಡನ್ನು ಕತ್ತರಿಸಿ ಕೋಶದ ನಡುವೆ ಇಟ್ಟರು. ಶಿಫಾರಸು ಜಾರಿಯಾಗಲಿಲ್ಲ. ಪತ್ರಿಕೆಯ ಅಗ್ಗದ ಕಾಗದದ ಆಮ್ಲ ಎರಡೂ ಬದಿಯ ಪುಟಗಳಿಗೆ ಇಳಿದು ಅಂಗೈ ಅಗಲದ ಕಂದು ಚೌಕ ಬಿದ್ದಿದೆ. ತುಂಡು ಈಗ ಇಲ್ಲ. ವ್ಯಾಪಾರಿ ಅದನ್ನೂ ಕೊರತೆಯ ಪಟ್ಟಿಗೇ ಸೇರಿಸಿದರು.

ಕೇರಳಕ್ಕೆ ಸೇರಿದ್ದರ ಇನ್ನೊಂದು ಪರಿಣಾಮ ಭೂಸುಧಾರಣೆ. ಅಲ್ಲಿನ ತಿದ್ದುಪಡಿ ಕಾನೂನು 1970ರ ಜನವರಿ 1ಕ್ಕೆ ಜಾರಿಗೆ ಬಂತು. ಗೇಣಿದಾರರಿಗೆ ಗದ್ದೆ, ಗುಡಿಸಲು ಹಾಕಿಕೊಂಡಿದ್ದವರಿಗೆ ಹಳ್ಳಿಯಲ್ಲಾದರೆ ಹತ್ತು ಸೆಂಟ್ಸ್‌ವರೆಗೆ ಜಾಗ. ಮಾಷ್ಟ್ರ ಗೇಣಿ ಗದ್ದೆ ಹೋಯಿತು. ತೋಟದ ತುದಿಯ ಜಾಗಕ್ಕೆ ಆ ಒಕ್ಕಲು ಹೆಂಗಸಿನ ಮಗ ಅರ್ಜಿ ಹಾಕಿದ, ಸಿಕ್ಕಿತು. ಅಂದಿನಿಂದ ಮಾತು ಬಂದ್. ನಾಲ್ಕಕ್ಷರ ಬಲ್ಲವರು, ಕಾನೂನು ತಿಳಿದವರು, ಬಡತನ ಕಂಡವರು. ಆದರೂ ಹತ್ತು ಸೆಂಟ್ಸನ್ನು ಅವರು ಕ್ಷಮಿಸಲಿಲ್ಲ. ಇದಕ್ಕೆ ನನ್ನ ನೆನಪಿಗಿಂತ ಗಟ್ಟಿಯಾದ ದಾಖಲೆ ಪುಸ್ತಕದಲ್ಲೇ ಇದೆ. ಹಳೆಯ ಟಿಪ್ಪಣಿಗಳೆಲ್ಲ ಅದ್ದಿ ಬರೆದ ಶಾಯಿಯವು, ಇಲ್ಲವೇ ಪೆನ್ಸಿಲಿನವು. ಎಪ್ಪತ್ತರ ದಶಕದಲ್ಲಿ ಮಾಷ್ಟ್ರ ಮಗ ಬೆಂಗಳೂರಿನಿಂದ ನೀಲಿ ಬಾಲ್‌ಪೆನ್ನು ತಂದುಕೊಡತೊಡಗಿದ. ಶಾಯಿಯ ಬರಹದಲ್ಲಿ "ಬಾ." ಪುಟಪುಟಕ್ಕೆ ಇದ್ದಾಳೆ. ಬಾಲ್‌ಪೆನ್ನಿನ ಬರಹದಲ್ಲಿ ಒಂದು ಕಡೆಯೂ ಇಲ್ಲ. ಗದ್ದೆಯ ಪದಗಳೇ ಅಲ್ಲಿಗೆ ನಿಂತುಹೋಗಿವೆ. ಆಮೇಲಿನದ್ದೆಲ್ಲ ತಾಳಮದ್ದಳೆ ಮತ್ತು ಪತ್ರಿಕೆಯಲ್ಲಿ ಕಂಡ ಪದ.

ಅದೇ ಹೊತ್ತಿಗೆ ಮದ್ರಾಸು ವಿಶ್ವವಿದ್ಯಾಲಯ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕಿಟೆಲನ್ನು 1968ರಿಂದ 1971ರ ನಡುವೆ ನಾಲ್ಕು ಸಂಪುಟಗಳಲ್ಲಿ ತಂದಿತು. ಮಾಷ್ಟ್ರು ಅದನ್ನು ಕೊಳ್ಳಲಿಲ್ಲ. ಹೊಸತು ಬಂತಲ್ಲ ಎಂದು ಯಾರೋ ಕೇಳಿದ್ದಕ್ಕೆ, "ನನ್ನದರಲ್ಲಿ ಅದಕ್ಕಿಂತ ಹೆಚ್ಚು ಉಂಟು" ಎಂದರು. ಆಗ ನಾವು ನಕ್ಕಿದ್ದೆವು.

ಮಾಷ್ಟ್ರು ತೀರಿಕೊಂಡದ್ದು ಎಂಬತ್ತರ ದಶಕದ ಕೊನೆಗೆ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ಹೋದಾಗ ಅವರ ಗ್ರಂಥಸಂಗ್ರಹಕ್ಕೆ ಒಂದು ದಾರಿಯಾಯಿತು. ಅದು ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಹೋಯಿತು, ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವೇ ಇದೆ. ರಾಷ್ಟ್ರಕವಿಗೆ ಸಂದ ಭಾಗ್ಯ ಹೈಸ್ಕೂಲು ಪಂಡಿತನಿಗೆ ಸಲ್ಲಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಮನೆ ಮಾರಿದಾಗ ಪುಸ್ತಕಗಳು ಗುಜರಿಯವನ ತಕ್ಕಡಿಗೆ ಹೋದವು. ಕಿಟೆಲ್ ಮಾತ್ರ ಬೆಂಗಳೂರಿಗೆ ಹೋಯಿತು, "ಆಂಟಿಕ್" ಎಂದು ಯಾರೋ ಹೇಳಿದ್ದರಿಂದ. ಮಗ ಒಳ್ಳೆಯ ಮನಸ್ಸಿನಿಂದಲೇ ಅದಕ್ಕೆ ಹೊಸ ಬೈಂಡಿಂಗ್ ಮಾಡಿಸಿದ. ಬೈಂಡರ್ ತನ್ನ ಕಸುಬಿನ ಪ್ರಕಾರವೇ ಮಾಡಿದ: ಹಳೆ ರಟ್ಟು ಕಿತ್ತೆಸೆದ, ಮೊದಲ ಮತ್ತು ಕೊನೆಯ ಖಾಲಿ ಹಾಳೆಗಳು ಹರಿದಿವೆ ಎಂದು ತೆಗೆದ, ಹೊಲಿದ, ಕಟ್ಟಿಂಗ್ ಮೆಷಿನ್ನಿಗೆ ಕೊಟ್ಟು ಅಂಚು ನೇರ ಮಾಡಿದ, ಕೆಂಪು ರೆಕ್ಸಿನ್ ಹಾಕಿ ಬೆನ್ನಿಗೆ ಚಿನ್ನದ ಅಕ್ಷರದಲ್ಲಿ ಮಗನ ಇನಿಶಿಯಲ್ ಒತ್ತಿದ. ಎಸೆದ ಹಾಳೆಗಳಲ್ಲಿ ಮಾಷ್ಟ್ರು ಹಸು ಕರು ಹಾಕಿದ ತಾರೀಕು, ಸಾಲದ ಕಂತು, ಮಕ್ಕಳ ಫೀಸು ಬರೆದಿಟ್ಟಿದ್ದರು ಎಂದು ಆ ಮಗನೇ ನೆನಪಿಸಿಕೊಂಡು ಹೇಳಿದ್ದು. ಮೆಷಿನ್ನಿನ ಅಲಗು ಹೊರ ಅಂಚಿನ ಟಿಪ್ಪಣಿಗಳ ತಲೆಯೋ ಬಾಲವೋ ಕಿತ್ತಿದೆ. ಎಷ್ಟೋ ಕಡೆ ಅರ್ಥ ಉಳಿದಿದೆ, ಹೇಳಿದವರ ಗುರುತು ಹೋಗಿದೆ.

ವಯಸ್ಸಾದ ಮೇಲೆ ಮಗ ಅದನ್ನು ಮಾರಲು ಹೊರಟಾಗ ನಾನು ಜೊತೆಗೆ ಹೋಗಿದ್ದೆ. ವ್ಯಾಪಾರಿ ಹೇಳಿದ ಬೆಲೆಗೆ ಹತ್ತು ಪೈಸೆ ಹೆಚ್ಚಿಲ್ಲ ಕಡಿಮೆಯಿಲ್ಲ, ಅಷ್ಟನ್ನೇ ಕೊಟ್ಟು ನಾನೇ ತೆಗೆದುಕೊಂಡೆ. ಗೆಳೆತನದ ಲೆಕ್ಕ ಇದರಲ್ಲಿ ಬೇಡವೆಂದು ಇಬ್ಬರಿಗೂ ಅನಿಸಿತ್ತು.

ಈಗ ಕಿಟೆಲ್ ನೋಡುವುದಕ್ಕೆ ಯಾರೂ ಕೈ ತೊಳೆಯಬೇಕಿಲ್ಲ. ದೆಹಲಿಯ ಏಷ್ಯನ್ ಎಜುಕೇಶನಲ್ ಸರ್ವೀಸಸ್‌ನವರು ಎಂಬತ್ತರ ದಶಕದಲ್ಲಿ ಹಳೆ ಮುದ್ರಣವನ್ನೇ ಮರುಮುದ್ರಿಸಿದರು. ಸ್ಕ್ಯಾನ್ ಮಾಡಿದ ಪ್ರತಿ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟಗಳಲ್ಲಿ ಮುಗಿದು ದಶಕಗಳಾದವು. ವಿ. ಕೃಷ್ಣ ಅವರು ದಶಕಗಟ್ಟಲೆ ಕೂತು ಮಾಡಿದ 'ಅಲರ್' 2019ರಿಂದ ಮೊಬೈಲಿನಲ್ಲೇ ಇದೆ. ಅರ್ಥ ಬೇಕಾದಾಗ ನಾನೂ ಮೊಬೈಲನ್ನೇ ತೆಗೆಯುತ್ತೇನೆ, ಎರಡು ಕೈಯಲ್ಲಿ ಎತ್ತಬೇಕಾದ ಕೆಂಪು ರೆಕ್ಸಿನ್ನಿನ ಗಂಟನ್ನಲ್ಲ. ಇದರಲ್ಲಿ ಕೊರಗುವಂಥದ್ದು ಏನೂ ಇಲ್ಲ. ಎಪ್ಪತ್ತರ ದಶಕದ ಹುಡುಗನೊಬ್ಬನಿಗೆ ಈ ಸೌಕರ್ಯ ಇದ್ದಿದ್ದರೆ ಬೆತ್ತದ ಏಟು ಅರ್ಧ ಕಡಿಮೆಯಾಗುತ್ತಿತ್ತು. 1894ರ ಮುದ್ರಣವನ್ನು ಗಾಜಿನ ಕಪಾಟಿನಲ್ಲಿಡಲು ಹುಡುಕುವವರು ಹುಡುಕಲಿ. ಕಿಟೆಲರ ಕೆಲಸವೇನೂ ಅವರನ್ನು ನಂಬಿ ಕೂತಿಲ್ಲ, ಅದು ಸುರಕ್ಷಿತವಾಗಿದೆ. ಇರುವುದು ಒಂದೇ ಪ್ರತಿ ಎಂಬ ಮಾತು ಅಂಚಿನ ಬರಹಕ್ಕೆ ಮಾತ್ರ ಸಲ್ಲುತ್ತದೆ, ಮತ್ತು ವ್ಯಾಪಾರಿ ಬೆಲೆ ಇಳಿಸಿದ್ದು ಅದಕ್ಕೇ.

ಟಿಪ್ಪಣಿಗಳನ್ನು ಬೇರೆ ಪುಸ್ತಕಕ್ಕೆ ಇಳಿಸುವ ಕೆಲಸ ಹಿಡಿದಾಗ "ಬಾ." ಅವರ ಮೊಮ್ಮಗಳನ್ನು ಹೋಗಿ ಕಂಡೆ. ಅದೇ ಹತ್ತು ಸೆಂಟ್ಸಿನಲ್ಲಿ ತಾರಸಿ ಮನೆ. ಈಕೆ ಕನ್ನಡ ಮಾಧ್ಯಮ ಶಾಲೆಯ ಟೀಚರು. ಫೋನಿನಲ್ಲಿ ತೆಗೆದ ಪುಟಗಳ ಚಿತ್ರ ತೋರಿಸಿದೆ. ದೊಡ್ಡದು ಮಾಡಿ ಮಾಡಿ ಬಹಳ ಹೊತ್ತು ನೋಡಿದರು. ಆಮೇಲೆ ತುಳುವಿನಲ್ಲೇ ಕೇಳಿದರು, "ಅಜ್ಜಿಯ ಹೆಸರು ಪೂರ್ತಿ ಬರೆಯಲಿಕ್ಕೆ ಅವರಿಗೆ ಏನಾಗಿತ್ತು?" ಕಿಟೆಲರೂ ಹಾಗೇ, ಎಲ್ಲವನ್ನೂ ಮೊಟಕು ಮಾಡಿಯೇ ಬರೆದದ್ದು ಎಂದೆ. "ಅದು ಪುಸ್ತಕದ ಹೆಸರು, ಊರಿನ ಹೆಸರು. ಇದು ಮನುಷ್ಯರದ್ದಲ್ಲವಾ ಅಣ್ಣಾ?" ಎಂದರು. ಅದಕ್ಕೆ ಉತ್ತರ ನನ್ನಲ್ಲಿರಲಿಲ್ಲ, ಈಗಲೂ ಇಲ್ಲ. ಚಹಾ ಕೊಟ್ಟರು. ಅಂಚಿನಲ್ಲಿದ್ದ ಎರಡು ಪದಗಳ ಅರ್ಥವನ್ನು ಮಾಷ್ಟ್ರು ತಪ್ಪಾಗಿ ಹಿಡಿದಿದ್ದಾರೆಂದು ತಿದ್ದಿಯೂ ಕೊಟ್ಟರು. ಇಳಿಸಿಕೊಳ್ಳುತ್ತಿರುವ ಪ್ರತಿಯಲ್ಲಿ "ಬಾ." ಇರುವ ಕಡೆಯೆಲ್ಲ ಈಗ ಪೂರ್ತಿ ಹೆಸರು ಹಾಕುತ್ತಿದ್ದೇನೆ. ಅದನ್ನು ಇಲ್ಲಿ ಅಚ್ಚು ಹಾಕುವುದು ಬೇಡವೆಂದು ಮನೆಯವರು ಹೇಳಿದ್ದರಿಂದ ಬರೆದಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಅಜ್ಜನದ್ದೋ ಮಾವನದ್ದೋ ಇಂಥ ಪುಸ್ತಕ ಇದ್ದೀತು. ಬೈಂಡಿಂಗಿಗೆ ಕೊಡುವುದಾದರೆ ಅಂಚು ಕತ್ತರಿಸಬಾರದು, ಮೊದಲ ಕೊನೆಯ ಹಾಳೆ ಎಸೆಯಬಾರದು ಎಂದು ಬೈಂಡರಿಗೆ ಬಾಯಲ್ಲಿ ಹೇಳಿದರೆ ಸಾಲದು, ಚೀಟಿ ಬರೆದು ಅಂಟಿಸಿ. ನಡುವೆ ಪತ್ರಿಕೆ ತುಂಡು ಇದ್ದರೆ ತೆಗೆದು ಬೇರೆ ಲಕೋಟೆಗೆ ಹಾಕಿ, ಯಾವ ಪುಟದಲ್ಲಿತ್ತು ಎಂದು ಅದರ ಮೇಲೆ ಬರೆಯಿರಿ. ಅಂಚಿನಲ್ಲಿ ಮೊಟಕು ಹೆಸರುಗಳು ಕಂಡರೆ ಅವು ಯಾರವೆಂದು ಬಲ್ಲವರು ಊರಲ್ಲಿ ಇರುವಾಗಲೇ ಹೋಗಿ ಕೇಳಿಕೊಂಡು ಬನ್ನಿ.